ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಉಬುಂಟು ಹಾಕಿದ ಮೇಲೆ ಡ್ರೈವ್ ತೆಗೆದರೆ ವಿಂಡೋಸ್ ಬರುತ್ತಿಲ್ಲ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ 11 ಇದೆ, ಮಗಳ ಓದಿನ ಕೆಲಸವೆಲ್ಲ ಅದರಲ್ಲೇ ನಡೆಯುತ್ತದೆ. ನನಗೆ ಲೇಟೆಕ್, ಪೈಥಾನ್, ಸೇಜ್‌ಮ್ಯಾತ್ ಇವುಗಳಿಗಾಗಿ ಲಿನಕ್ಸ್ ಬೇಕಿತ್ತು. ಒಳಗಿನ ಡಿಸ್ಕ್ 256 ಜಿಬಿಯದು, ಬಹುತೇಕ ತುಂಬಿದೆ. ಮಗಳ ಕಡತಗಳಿರುವ ಡಿಸ್ಕಿನಲ್ಲಿ ಪಾರ್ಟಿಷನ್ ಬದಲಿಸುವುದು ನನಗೆ ಇಷ್ಟವೂ ಇರಲಿಲ್ಲ. ಹಾಗಾಗಿ 500 ಜಿಬಿಯ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಕೊಂಡು, ಪೆನ್‌ಡ್ರೈವಿನಿಂದ ಉಬುಂಟು 22.04ರ ಇನ್‌ಸ್ಟಾಲರನ್ನು ನಡೆಸಿ, ಎಲ್ಲಿ ಹಾಕಬೇಕೆಂದು ಕೇಳಿದಾಗ ಆ ಎಸ್‌ಎಸ್‌ಡಿಯನ್ನೇ ತೋರಿಸಿದೆ.

ಡ್ರೈವ್ ಸಿಕ್ಕಿಸಿದ್ದಾಗ ಉಬುಂಟು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಎರಡು. ಒಂದು, ಡ್ರೈವ್ ತೆಗೆದು ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಬರುವ ಬದಲು ಕಪ್ಪು ಪರದೆಯ ಮೇಲೆ ‘ಗ್ರಬ್’ ಎಂಬ ಅಕ್ಷರಗಳು ಮೂಡಿ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು, ಅದೇ ಡ್ರೈವನ್ನು ನಮ್ಮ ವಿಭಾಗದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅದರಿಂದ ಉಬುಂಟು ಏಳುವುದೇ ಇಲ್ಲ. ಎಸ್‌ಎಸ್‌ಡಿಗೆ ಮಾತ್ರ ಹಾಕೆಂದು ಹೇಳಿದ ಮೇಲೂ ಒಳಗಿನ ಡಿಸ್ಕಿನಲ್ಲಿ ಏನು ಬದಲಾಯಿತು? ಡ್ರೈವ್ ತನ್ನಷ್ಟಕ್ಕೆ ತಾನು ನಡೆಯಬೇಕು, ಲ್ಯಾಪ್‌ಟಾಪ್ ಮೊದಲಿದ್ದಂತೆಯೇ ಇರಬೇಕು. ಇದಕ್ಕೆ ದಾರಿ ಇದೆಯೇ? ಮಗಳು ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರವಿರುವುದರಿಂದ ಸ್ವಲ್ಪ ಆತಂಕದಲ್ಲಿದ್ದೇನೆ.

ಸಹ್ಯಾದ್ರಿ

ಮೇಡಂ, ಗಾಬರಿಯಾಗಬೇಡಿ, ವಿಂಡೋಸ್ ಎಲ್ಲಿಗೂ ಹೋಗಿಲ್ಲ. ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಮಿನ ಹೆಸರೇ ಗ್ರಬ್. ಆ ಪರದೆಯಲ್ಲಿ ‘ಎಕ್ಸಿಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಸಾಮಾನ್ಯವಾಗಿ ಅದು ಪಟ್ಟಿಯಲ್ಲಿ ಮುಂದಿರುವ ವಿಂಡೋಸಿಗೆ ಹೋಗುತ್ತದೆ. ಹೋಗದಿದ್ದರೆ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿ ಒತ್ತಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿಕೊಳ್ಳಿ. ಡೆಲ್ ಮತ್ತು ಲೆನೊವೊದಲ್ಲಿ ಅದು ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಏಸರಿನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯೋಸ್ (ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ನಡೆಯುವ, ಯಂತ್ರದೊಳಗಿನ ತಂತ್ರಾಂಶ) ಸೆಟ್ಟಿಂಗಿನಲ್ಲಿ ಸಕ್ರಿಯಗೊಳಿಸಬೇಕಾಗಿ ಬರಬಹುದು.

ಮುಕ್ತತಂತ್ರ

ಸಹ್ಯಾದ್ರಿಯವರು ಹೇಳಿದ್ದು ತಕ್ಷಣದ ಪರಿಹಾರ. ಮೂಲ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ಗೊತ್ತಾಗದೆ ಅನೇಕರು ವಿಂಡೋಸನ್ನೇ ಮತ್ತೆ ಹಾಕಿಸಿ ಕಡತಗಳನ್ನು ಕಳೆದುಕೊಳ್ಳುತ್ತಾರೆ.

ಹಳೆಯ ಬಯೋಸ್ ಕಾಲದಲ್ಲಿ ಯಂತ್ರವು ಡಿಸ್ಕಿನ ಮೊದಲ 512 ಬೈಟುಗಳ ವಿಭಾಗವನ್ನು ಓದಿ ಅಲ್ಲಿರುವ ಕೋಡನ್ನು ನಡೆಸುತ್ತಿತ್ತು. ಬಯೋಸಿನ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಈಗಿನ ಯಂತ್ರಗಳು ಹಾಗೆ ಮಾಡುವುದಿಲ್ಲ. ಡಿಸ್ಕಿನಲ್ಲಿ ಫ್ಯಾಟ್32 ಮಾದರಿಯ ಒಂದು ಸಣ್ಣ ‘ಇಎಫ್‌ಐ ಸಿಸ್ಟಮ್ ಪಾರ್ಟಿಷನ್’ ಇರುತ್ತದೆ. ಬೂಟ್ ಮಾಡುವ ಪ್ರೋಗ್ರಾಮುಗಳು ಸಾಧಾರಣ ಕಡತಗಳಾಗಿ ಅದರಲ್ಲಿ ಕುಳಿತಿರುತ್ತವೆ. ಯಾವ ಡಿಸ್ಕಿನ ಯಾವ ಕಡತವನ್ನು ಮೊದಲು ನಡೆಸಬೇಕೆಂಬ ಪಟ್ಟಿ ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ಮೇಲಿನ ಚಿಪ್ಪಿನಲ್ಲಿ ಇರುತ್ತದೆ. ಹೊರಗಿನಿಂದ ಸಿಕ್ಕಿಸಿದ ಡ್ರೈವಿನ ವಿಷಯ ಬೇರೆ. ಅದರ ಬಗ್ಗೆ ಪಟ್ಟಿಯಲ್ಲಿ ಏನೂ ಬರೆದಿರದ ಕಾರಣ, ಯಂತ್ರವು ಅದರ ಇಎಫ್‌ಐ ಪಾರ್ಟಿಷನ್ನಿನ ‘ಇಎಫ್‌ಐ’ ಫೋಲ್ಡರಿನೊಳಗಿನ ‘ಬೂಟ್’ ಫೋಲ್ಡರಿನಲ್ಲಿ ‘ಬೂಟ್‌ಎಕ್ಸ್64’ ಎಂಬ ನಿಗದಿತ ಹೆಸರಿನ ಕಡತವಿದೆಯೇ ಎಂದು ಹುಡುಕುತ್ತದೆ. ಇದ್ದರೆ ಅದನ್ನು ನಡೆಸುತ್ತದೆ. ಇಲ್ಲದಿದ್ದರೆ ಅದರ ಪಾಲಿಗೆ ಆ ಡ್ರೈವ್ ಬರೀ ದಾಸ್ತಾನು.

ನಿಮಗೆ ಆಗಿರುವುದು ಇಷ್ಟು. ಉಬುಂಟುವಿನ ಹಳೆಯ ಇನ್‌ಸ್ಟಾಲರಿನಲ್ಲಿ ಬಹುಕಾಲದಿಂದ ಎಲ್ಲರಿಗೂ ತಿಳಿದಿರುವ ಒಂದು ದೋಷವಿದೆ. ನೀವು ಯಾವ ಡಿಸ್ಕನ್ನು ತೋರಿಸಿದರೂ, ಅದು ತನಗೆ ಮೊದಲು ಕಂಡ ಇಎಫ್‌ಐ ಪಾರ್ಟಿಷನ್ನಿಗೆ, ಅಂದರೆ ಸಾಮಾನ್ಯವಾಗಿ ಒಳಗಿನ ಡಿಸ್ಕಿನದಕ್ಕೆ, ಗ್ರಬ್ಬನ್ನು ಬರೆಯುತ್ತದೆ. ಉಬುಂಟು ಎಸ್‌ಎಸ್‌ಡಿಯಲ್ಲಿದೆ, ಅದನ್ನು ಎಬ್ಬಿಸುವ ಗ್ರಬ್ ಒಳಗಿದೆ. ಎಸ್‌ಎಸ್‌ಡಿ ತೆಗೆದಾಗ ಗ್ರಬ್ಬಿಗೆ ತನ್ನ ಸಂರಚನೆಯ ಕಡತ ಸಿಗದೆ ಬರಿಯ ಪರದೆ ತೋರಿಸುತ್ತದೆ. ಎಸ್‌ಎಸ್‌ಡಿಯನ್ನು ಬೇರೆ ಯಂತ್ರಕ್ಕೆ ಒಯ್ದಾಗ ಅದರಲ್ಲಿ ಬೂಟ್ ಕಡತವೇ ಇರುವುದಿಲ್ಲ. ನಿಮ್ಮ ಎರಡೂ ತೊಂದರೆಗಳಿಗೆ ಕಾರಣ ಒಂದೇ.

ಹುಬ್ಬಳ್ಳಿ ರಿಪೇರಿ

ಮುಂದಿನ ಹೆಜ್ಜೆ ಇಡುವ ಮುನ್ನ ದಯವಿಟ್ಟು ಒಂದು ನಿಮಿಷ ನಿಲ್ಲಿ. ನಾನು ಲ್ಯಾಪ್‌ಟಾಪ್ ದುರಸ್ತಿಯ ಅಂಗಡಿ ನಡೆಸುತ್ತೇನೆ. ಬೂಟ್ ಕ್ರಮ ಅಥವಾ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿರುವ ಬೂಟ್ ಪ್ರೋಗ್ರಾಮುಗಳನ್ನಷ್ಟೇ ಒಪ್ಪುವ ಸೆಟ್ಟಿಂಗ್) ಬದಲಿಸಿದ ಕೂಡಲೇ ನೀಲಿ ಪರದೆಯಲ್ಲಿ, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸಿನ ಬಿಟ್‌ಲಾಕರ್ ಕೀ ಕೇಳಿತು ಎಂದು ಅಳುಮುಖದಿಂದ ಬರುವವರನ್ನು ನಾನು ಬಹಳ ಕಂಡಿದ್ದೇನೆ. ತಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಆಗಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಯಂತ್ರಗಳಲ್ಲಂತೂ ಇದು ಇನ್ನೂ ಸಾಮಾನ್ಯ.

ಆ ಕೀ 48 ಅಂಕಿಗಳದು. ಅದಿಲ್ಲದೆ ಡಿಸ್ಕಿನ ಕಡತಗಳನ್ನು ನಾನಲ್ಲ, ಯಾರೂ ತೆಗೆದುಕೊಡಲಾರರು. ಮಗಳ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋದರೆ ರಿಕವರಿ ಕೀ ಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಆಮೇಲೆ ಪ್ರಾಜೆಕ್ಟಿನ ಕಡತಗಳನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿ. ಈ ಎರಡೂ ಆದ ಮೇಲೆಯೇ ಮಿಕ್ಕ ಕೆಲಸ.

ತುಂಗಾತೀರ

‘ಎಕ್ಸಿಟ್’ ಕೆಲಸ ಮಾಡಿತು, ವಿಂಡೋಸ್ ಬಂತು. ತುಂಬ ಧನ್ಯವಾದಗಳು. ಹುಬ್ಬಳ್ಳಿಯವರು ಹೇಳಿದಂತೆ ನೋಡಿದೆ, ಡಿಸ್ಕ್ ನಿಜವಾಗಿಯೂ ಎನ್‌ಕ್ರಿಪ್ಟ್ ಆಗಿದೆ. ಕೀಯನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಗ್ರಬ್ಬನ್ನು ಎಸ್‌ಎಸ್‌ಡಿಗೆ ಸಾಗಿಸುವುದು ಹೇಗೆಂದು ತಿಳಿಸಿ.

ಕೊಲ್ಲಿ ಕನ್ನಡಿಗ

ಇಷ್ಟೆಲ್ಲ ಕಷ್ಟ ಏಕೆ ಎಂಬುದು ನನ್ನ ಪ್ರಶ್ನೆ. ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲೈವ್ ಉಬುಂಟುವನ್ನು ಪರ್ಸಿಸ್ಟೆನ್ಸ್ (ಮಾಡಿದ ಬದಲಾವಣೆಗಳನ್ನು ಉಳಿಸಿಕೊಳ್ಳುವ ವ್ಯವಸ್ಥೆ) ಸಹಿತ ಪೆನ್‌ಡ್ರೈವಿಗೆ ಬರೆದುಕೊಂಡರೆ ಸಾಕು. ಪೆನ್‌ಡ್ರೈವ್ ಸಿದ್ಧಪಡಿಸುವ ರೂಫಸ್ ತಂತ್ರಾಂಶದಲ್ಲಿ ಒಂದು ಸ್ಲೈಡರ್ ಎಳೆದರೆ ಆಗುವ ಕೆಲಸ. ಅಂಥದೇ ಇನ್ನೊಂದಾದ ವೆಂಟಾಯ್ ಹಾಕಿಕೊಂಡರೆ ಐಎಸ್‌ಒ (ಇನ್‌ಸ್ಟಾಲರ್ ಪೂರ್ತಿ ಇರುವ) ಕಡತಗಳನ್ನು ನಕಲು ಮಾಡಿದರೆ ಮುಗಿಯಿತು. ಒಂದೇ ಡ್ರೈವಿನಲ್ಲಿ ಉಬುಂಟು, ಫೆಡೋರಾ, ವಿಂಡೋಸ್ ಇನ್‌ಸ್ಟಾಲರ್ ಎಲ್ಲವೂ ಇರುತ್ತವೆ. ನಾನು ಕಚೇರಿಯ ಯಂತ್ರಗಳನ್ನು ಪರೀಕ್ಷಿಸುವುದು ಹೀಗೆಯೇ, ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ.

ಮುಕ್ತತಂತ್ರ

ಪರೀಕ್ಷೆಗೆ, ದುರಸ್ತಿಗೆ ಅದು ಅತ್ಯುತ್ತಮ ಎಂಬುದರಲ್ಲಿ ಎರಡು ಮಾತಿಲ್ಲ. ದಿನನಿತ್ಯದ ಕೆಲಸಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಲೈವ್ ವ್ಯವಸ್ಥೆಯಲ್ಲಿ ಮೂಲ ವ್ಯವಸ್ಥೆಯೆಲ್ಲ ಬದಲಿಸಲಾಗದ ಒಂದು ಸಂಕುಚಿತ ಕಡತದಲ್ಲಿ ಇರುತ್ತದೆ, ನೀವು ಮಾಡಿದ ಬದಲಾವಣೆಗಳು ಅದರ ಮೇಲೆ ಇನ್ನೊಂದು ಪದರವಾಗಿ ಉಳಿಯುತ್ತವೆ. ಅಪ್‌ಡೇಟ್ ಮಾಡಿದಷ್ಟೂ ಆ ಮೇಲಿನ ಪದರ ಬೆಳೆಯುತ್ತಲೇ ಹೋಗುತ್ತದೆ, ಕೆಳಗಿನದು ಕಿರಿದಾಗುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ ಅಪ್‌ಡೇಟ್ ಮಾಡಿದರೂ ಬೂಟ್ ಆಗುವಾಗ ನಡೆಯುವುದು ಐಎಸ್‌ಒದಲ್ಲಿದ್ದ ಹಳೆಯ ಕರ್ನಲ್ಲೇ. ಭದ್ರತೆಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ಪರ್ಸಿಸ್ಟೆನ್ಸನ್ನು ಫ್ಯಾಟ್32 ಡ್ರೈವಿನಲ್ಲಿ ಕಡತವಾಗಿ ಇಟ್ಟರೆ ಅದು 4 ಜಿಬಿಗಿಂತ ದೊಡ್ಡದಾಗುವಂತೆಯೂ ಇಲ್ಲ, ಲೇಟೆಕ್ಕಿನ ಪೂರ್ಣ ಸಂಗ್ರಹ ಒಂದನ್ನು ಹಾಕುವಷ್ಟರಲ್ಲೇ ಅದು ತುಂಬಿಹೋಗುತ್ತದೆ. ಮೇಡಂ ಅವರು ಎಸ್‌ಎಸ್‌ಡಿಗೆ ಪೂರ್ತಿಯಾಗಿ ಇನ್‌ಸ್ಟಾಲ್ ಮಾಡಿದ್ದೇ ಸರಿಯಾದ ದಾರಿ.

ಕೊಲ್ಲಿ ಕನ್ನಡಿಗ

ಕರ್ನಲ್ಲಿನ ಮಾತನ್ನು ಒಪ್ಪುತ್ತೇನೆ. ಜಾಗದ ವಿಷಯದಲ್ಲಿ ಪರ್ಸಿಸ್ಟೆನ್ಸಿಗೆ ಬೇರೆ ಪಾರ್ಟಿಷನ್ ಮಾಡಿಕೊಂಡರೆ 4 ಜಿಬಿಯ ಮಿತಿ ಇರುವುದಿಲ್ಲ ಎಂಬುದನ್ನೂ ಸೇರಿಸಿ.

ವಿದ್ಯಾರ್ಥಿ

ಎಸ್‌ಎಸ್‌ಡಿ ಕೊಳ್ಳುವಷ್ಟು ಹಣ ನನ್ನ ಬಳಿ ಸದ್ಯಕ್ಕಿಲ್ಲ. 64 ಜಿಬಿಯ ಪೆನ್‌ಡ್ರೈವಿಗೆ ಇದೇ ರೀತಿ ಪೂರ್ತಿ ಇನ್‌ಸ್ಟಾಲ್ ಮಾಡಿದರೆ ನಡೆಯುವುದಿಲ್ಲವೇ? ಯುಎಸ್‌ಬಿ 3 ಎಂದು ಅದರ ಮೇಲೆ ಬರೆದಿದೆ.

ನೇತ್ರಾವತಿ

ನಡೆಯುತ್ತದೆ, ಆದರೆ ನಿಮ್ಮ ತಾಳ್ಮೆ ಪರೀಕ್ಷೆಗೊಳಗಾಗುತ್ತದೆ. ಪೆನ್‌ಡ್ರೈವಿನ ಹೊದಿಕೆಯ ಮೇಲೆ ಬರೆದಿರುವ ವೇಗ ದೊಡ್ಡ ಕಡತವೊಂದನ್ನು ಸಾಲಾಗಿ ಓದುವಾಗಿನದು. ಆಪರೇಟಿಂಗ್ ಸಿಸ್ಟಮ್ ಮಾಡುವ ಕೆಲಸ ಅದಲ್ಲ. ಅದು ಡಿಸ್ಕಿನ ಎಲ್ಲೆಲ್ಲಿಂದಲೋ ಸಾವಿರಾರು ಸಣ್ಣ ತುಣುಕುಗಳನ್ನು ಓದುತ್ತದೆ, ಬರೆಯುತ್ತದೆ. ಪೆನ್‌ಡ್ರೈವಿನ ಸಾದಾ ಕಂಟ್ರೋಲರಿಗೆ ಸಣ್ಣ ಬರಹಗಳೆಂದರೆ ಬಹಳ ಕಷ್ಟ. ಬ್ರೌಸರ್ ತೆರೆದು ಎರಡು ಟ್ಯಾಬ್ ಹಾಕಿದಾಗ ಇಡೀ ಪರದೆ ಕೆಲವು ಕ್ಷಣ ಹೆಪ್ಪುಗಟ್ಟುವುದು ಇದರಿಂದಲೇ. ಬರೆದಷ್ಟೂ ಅದರ ಆಯುಸ್ಸು ಸವೆಯುತ್ತದೆ, ಹೋಗುವಾಗ ಮುನ್ಸೂಚನೆ ಕೊಡದೆಯೇ ಹೋಗುತ್ತದೆ. ಹಣದ ತೊಂದರೆ ಇದ್ದರೆ ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ 120 ಜಿಬಿಯ ಸಾಟಾ ಎಸ್‌ಎಸ್‌ಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡು ಒಂದು ಯುಎಸ್‌ಬಿ ಕೇಸಿನಲ್ಲಿ ಹಾಕಿಕೊಳ್ಳಿ. ಒಳ್ಳೆಯ ಪೆನ್‌ಡ್ರೈವಿನ ಬೆಲೆಗಿಂತ ಬಹಳವೇನೂ ಹೆಚ್ಚಾಗುವುದಿಲ್ಲ.

ಪೋರ್ಟಿನ ಕಡೆಗೂ ಗಮನವಿರಲಿ. ಯುಎಸ್‌ಬಿ 2ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಯುಎಸ್‌ಬಿ 3.0ರದು 5 ಗಿಗಾಬಿಟ್. ಅದೇ ಡ್ರೈವನ್ನು ತಪ್ಪು ಪೋರ್ಟಿಗೆ ಸಿಕ್ಕಿಸಿ ‘ಲಿನಕ್ಸ್ ನಿಧಾನ’ ಎಂದು ದೂರುವವರು ಇದ್ದಾರೆ. ಟೈಪ್-ಸಿ ಕೇಬಲ್‌ಗಳಲ್ಲೂ ಮೊಬೈಲ್ ಚಾರ್ಜಿಂಗಿನ ಕೇಬಲ್ ಹಾಕಿದರೆ ಅನೇಕ ವೇಳೆ ಸಿಗುವುದು ಯುಎಸ್‌ಬಿ 2ರ ವೇಗವೇ.

ಹುಬ್ಬಳ್ಳಿ ರಿಪೇರಿ

ವಿದ್ಯುತ್ತಿನ ಮಾತನ್ನೂ ಸೇರಿಸುತ್ತೇನೆ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡಬೇಕಾದದ್ದು 900. ತಿರುಗುವ ಹಳೆಯ ಹಾರ್ಡ್ ಡಿಸ್ಕಿಗೆ ಸುತ್ತಲು ಶುರುಮಾಡುವಾಗ ಹೆಚ್ಚು ವಿದ್ಯುತ್ ಬೇಕು. ಹಳೆಯ ಲ್ಯಾಪ್‌ಟಾಪಿನ ಪೋರ್ಟಿನಲ್ಲಿ ಅದು ಕಟಕಟ ಎಂದು ಸದ್ದು ಮಾಡಿ ನಿಂತುಹೋದರೆ ಡಿಸ್ಕ್ ಕೆಟ್ಟಿದೆ ಎಂದು ತಿಳಿಯಬೇಡಿ. ವಿದ್ಯುತ್ ಸಾಲದೆ ಹಾಗಾಗಿರುವುದೇ ಹೆಚ್ಚು. ಚಾರ್ಜರ್ ಇಲ್ಲದ, ಐದಾರು ಸಾಧನ ನೇತುಹಾಕಿದ ಯುಎಸ್‌ಬಿ ಹಬ್ಬಿನ ಮೂಲಕ ಆಪರೇಟಿಂಗ್ ಸಿಸ್ಟಮ್ ನಡೆಸಬಾರದು.

ಮುಕ್ತತಂತ್ರ

ಮೇಡಂ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಸ್‌ಎಸ್‌ಡಿಯನ್ನು ಸಿಕ್ಕಿಸಿ ಉಬುಂಟುವಿಗೆ ಹೋಗಿ, ‘ಡಿಸ್ಕ್ಸ್’ ಎಂಬ ಆಪ್ ತೆರೆಯಿರಿ. ಎಸ್‌ಎಸ್‌ಡಿಯಲ್ಲಿ ಸುಮಾರು 500 ಎಂಬಿಯ ಒಂದು ಫ್ಯಾಟ್ ಪಾರ್ಟಿಷನ್ ಕಾಣಬೇಕು. ಇನ್‌ಸ್ಟಾಲರ್ ಅದನ್ನು ರಚಿಸಿದೆ, ಬಳಸಿಕೊಂಡಿಲ್ಲ. ಅದರ ಯುಯುಐಡಿಯನ್ನು (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಎರಡನೆಯದಾಗಿ, ‘ಇಟಿಸಿ’ ಫೋಲ್ಡರಿನಲ್ಲಿ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತವಿದೆ. ಅದರಲ್ಲಿ ‘ಬೂಟ್’ ಫೋಲ್ಡರಿನೊಳಗಿನ ‘ಇಎಫ್‌ಐ’ಗೆ ಸಂಬಂಧಿಸಿದ ಸಾಲಿನಲ್ಲಿ ಈಗ ಒಳಗಿನ ಡಿಸ್ಕಿನ ಯುಯುಐಡಿ ಇರುತ್ತದೆ. ಅದನ್ನು ಅಳಿಸಿ ಎಸ್‌ಎಸ್‌ಡಿಯದನ್ನು ಬರೆಯಿರಿ. ಈ ಹೆಜ್ಜೆಯನ್ನು ಬಿಟ್ಟವರಿಗೆ ಬೇರೊಂದು ತೊಂದರೆ ಬರುತ್ತದೆ: ಬೇರೆ ಲ್ಯಾಪ್‌ಟಾಪಿನಲ್ಲಿ ಗ್ರಬ್ ಎದ್ದರೂ, ಇಲ್ಲದ ಪಾರ್ಟಿಷನ್ನಿಗಾಗಿ, ವ್ಯವಸ್ಥೆಯನ್ನು ಶುರುಮಾಡುವ ಸಿಸ್ಟಮ್‌ಡಿ 90 ಸೆಕೆಂಡು ಕಾದು ಕೊನೆಗೆ ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲುತ್ತದೆ.

ಆಮೇಲೆ ಹಳೆಯದನ್ನು ಅನ್‌ಮೌಂಟ್ ಮಾಡಿ, ಹೊಸದನ್ನು ಮೌಂಟ್ ಮಾಡಿ, ಗ್ರಬ್-ಇನ್‌ಸ್ಟಾಲ್ ಆಜ್ಞೆಯನ್ನು ‘ರಿಮೂವಬಲ್’ ಎಂಬ ಆಯ್ಕೆಯೊಡನೆ ನಡೆಸಿ, ನಂತರ ಅಪ್‌ಡೇಟ್-ಗ್ರಬ್ ನಡೆಸಿ. ನಾನು ಮೇಲೆ ಹೇಳಿದ ‘ಬೂಟ್‌ಎಕ್ಸ್64’ ಎಂಬ ಕಡತವನ್ನು ಎಸ್‌ಎಸ್‌ಡಿಯ ನಿಗದಿತ ಜಾಗದಲ್ಲಿ ಇರಿಸುವುದು ಈ ‘ರಿಮೂವಬಲ್’ ಆಯ್ಕೆಯೇ. ಮುಗಿದ ಮೇಲೆ ಫೋಲ್ಡರ್ ತೆರೆದು ಕಡತ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡುವಾಗ ಬೂಟ್ ಮೆನುವಿನಲ್ಲಿ ‘ಉಬುಂಟು’ ಎಂಬುದನ್ನು ಬಿಟ್ಟು ಎಸ್‌ಎಸ್‌ಡಿಯ ಕಂಪನಿಯ ಹೆಸರನ್ನು ಆರಿಸಿ. ಅಲ್ಲಿಂದ ಉಬುಂಟು ಬಂದರೆ ಡ್ರೈವ್ ಸ್ವತಂತ್ರವಾಯಿತು ಎಂದರ್ಥ.

ಒಳಗಿನ ಡಿಸ್ಕನ್ನು ಶುಚಿಗೊಳಿಸುವುದು ಅದಾದ ಮೇಲೆಯೇ. ಬಯೋಸ್ ಸೆಟ್ಟಿಂಗಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲ ಸ್ಥಾನಕ್ಕೆ ತನ್ನಿ. ಇಷ್ಟು ಮಾಡಿದರೆ ಮಗಳ ತೊಂದರೆ ಮುಗಿಯುತ್ತದೆ. ಒಳಗಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ ಉಳಿದ ‘ಉಬುಂಟು’ ಫೋಲ್ಡರನ್ನು ಅಳಿಸುವುದು ಐಚ್ಛಿಕ. ಅಳಿಸುವುದಾದರೆ ಪಕ್ಕದ ‘ಮೈಕ್ರೋಸಾಫ್ಟ್’ ಫೋಲ್ಡರನ್ನು ಮುಟ್ಟಲೇಬೇಡಿ.

ಕಾವೇರಿ ಕಣಿವೆ

ಮೇಲಿನ ವಿವರಣೆಗೆ ಎರಡು ತಿದ್ದುಪಡಿ ಸೇರಿಸಬೇಕು. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರಗಳಲ್ಲಿ ‘ಬೂಟ್‌ಎಕ್ಸ್64’ ಎಂಬ ಹೆಸರಿನಲ್ಲಿರಬೇಕಾದದ್ದು ಗ್ರಬ್ ಅಲ್ಲ, ಶಿಮ್, ಅಂದರೆ ಗ್ರಬ್ಬನ್ನು ನಡೆಸುವ, ಮೈಕ್ರೋಸಾಫ್ಟ್ ಸಹಿಯಿರುವ ಸಣ್ಣ ಪ್ರೋಗ್ರಾಮ್. ಗ್ರಬ್ ಅದರ ಪಕ್ಕದಲ್ಲಿ ಬೇರೆ ಕಡತವಾಗಿ ಇರಬೇಕು. ಫೋಲ್ಡರಿನಲ್ಲಿ ಒಂದೇ ಕಡತ ಕಂಡರೆ ಸಂಶಯಪಡಿ.

ಎರಡನೆಯದು, ಅದೇ ಫೋಲ್ಡರಿನಲ್ಲಿ ‘ಎಫ್‌ಬಿಎಕ್ಸ್64’ ಎಂಬ ಇನ್ನೊಂದು ಕಡತವೂ ಇದ್ದರೆ, ಶಿಮ್ ಮೊದಲು ಅದನ್ನು ನಡೆಸುತ್ತದೆ, ಅದು ಆ ಯಂತ್ರದ ಬೂಟ್ ಪಟ್ಟಿಯಲ್ಲಿ ‘ಉಬುಂಟು’ ಎಂದು ಹೊಸ ನಮೂದು ಬರೆದುಬಿಡುತ್ತದೆ. ಒಳಗಿನ ಡಿಸ್ಕಿಗೆ ಅಂಟಿಕೊಂಡ ವ್ಯವಸ್ಥೆಗೆ ಇದು ಉಪಕಾರಿ, ಊರೂರು ತಿರುಗುವ ಡ್ರೈವಿಗೆ ಬೇಡದ ಉಪದ್ರವ. ಕಾಲೇಜಿನ ಯಂತ್ರದಲ್ಲಿ ನಮ್ಮ ಗುರುತು ಬಿಟ್ಟುಬರುವುದು ಸರಿಯಲ್ಲವಾದ್ದರಿಂದ ಆ ಒಂದು ಕಡತವನ್ನು ತೆಗೆಯಬಹುದು. ಗ್ರಬ್ ಪ್ಯಾಕೇಜ್ ಅಪ್‌ಡೇಟ್ ಆದಾಗಲೂ ಬೂಟ್ ಪಟ್ಟಿಯನ್ನು ಮತ್ತೆ ತಿದ್ದುತ್ತದೆ. ಡಿಪಿಕೆಜಿ-ರೀಕಾನ್ಫಿಗರ್ ಮೂಲಕ ಗ್ರಬ್ ಪ್ಯಾಕೇಜನ್ನು ತೆರೆದರೆ, ಎನ್‌ವಿರ್ಯಾಮ್ (ಬೂಟ್ ಪಟ್ಟಿ ಇರುವ ಮದರ್‌ಬೋರ್ಡಿನ ಚಿಪ್) ನಮೂದುಗಳನ್ನು ಬದಲಿಸಬೇಕೇ ಎಂದು ಕೇಳುತ್ತದೆ. ಬೇಡ ಎಂದು ಉತ್ತರಿಸಿ.

ಬಯಲುಸೀಮೆ

ಸೆಕ್ಯೂರ್ ಬೂಟನ್ನೇ ಆಫ್ ಮಾಡಿದರೆ ಈ ಶಿಮ್ ಗಿಮ್ ಯಾವುದೂ ಬೇಕಾಗುವುದಿಲ್ಲ. ನಾನು ಹೊಸ ಲ್ಯಾಪ್‌ಟಾಪ್ ತಂದ ಕೂಡಲೇ ಮಾಡುವ ಮೊದಲ ಕೆಲಸವೇ ಅದು.

ಕಾವೇರಿ ಕಣಿವೆ

ನಿಮ್ಮ ಲ್ಯಾಪ್‌ಟಾಪಿನಲ್ಲಿ ನೀವು ಏನು ಮಾಡಿದರೂ ಸರಿಯೇ, ಆದರೆ ಇಲ್ಲಿ ಯಂತ್ರವನ್ನು ಇಬ್ಬರು ಬಳಸುತ್ತಾರೆ, ಬಿಟ್‌ಲಾಕರ್ ಚಾಲೂ ಇದೆ, ಡ್ರೈವ್ ಕಾಲೇಜಿಗೂ ಹೋಗುತ್ತದೆ. ಇನ್ನೊಬ್ಬರ ಯಂತ್ರದ ಭದ್ರತೆಯ ಸೆಟ್ಟಿಂಗನ್ನು ನಮ್ಮ ಅನುಕೂಲಕ್ಕಾಗಿ ಕಳಚುವುದು ತಪ್ಪು ಎಂದು ನಾನು ದೃಢವಾಗಿ ಹೇಳುತ್ತೇನೆ. ಉಬುಂಟು, ಫೆಡೋರಾ, 2019ರ ಡೆಬಿಯನ್ 10ರಿಂದೀಚೆಗೆ ಡೆಬಿಯನ್ ಕೂಡ, ಮೈಕ್ರೋಸಾಫ್ಟ್ ಸಹಿಯಿರುವ ಶಿಮ್ಮಿನೊಡನೆಯೇ ಬರುತ್ತವೆ. ಆಫ್ ಮಾಡುವ ಅಗತ್ಯವೇ ಇಲ್ಲ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಮೂರನೆಯವರ ಸಹಿಯನ್ನು ಒಪ್ಪುವ ಆಯ್ಕೆ ಆಫ್ ಆಗಿರುತ್ತದೆ, ಬಯೋಸಿನಲ್ಲಿ ಅದೊಂದನ್ನು ಆನ್ ಮಾಡಿದರೆ ಸಾಕು.

ಬಯಲುಸೀಮೆ

2024ರ ಆಗಸ್ಟಿನಲ್ಲಿ ವಿಂಡೋಸ್ ಅಪ್‌ಡೇಟ್ ಬಂದಾಗ ಎಷ್ಟೋ ಜನರ ಲಿನಕ್ಸ್ ಏಳದೇ ಹೋದದ್ದು ಈ ಶಿಮ್ಮಿನಿಂದಲೇ ಅಲ್ಲವೇ? ‘ಎಸ್‌ಬ್ಯಾಟ್’ ಎಂದು ಏನೋ ಸಂದೇಶ ಬರುತ್ತಿತ್ತು. ಆಗ ಸೆಕ್ಯೂರ್ ಬೂಟ್ ಆಫ್ ಇದ್ದ ನನ್ನಂಥವರಿಗೆ ಏನೂ ಆಗಲಿಲ್ಲ.

ಕಾವೇರಿ ಕಣಿವೆ

ಹೌದು, ಅದು ನಿಜ. ಭದ್ರತಾ ದೋಷವಿರುವ ಹಳೆಯ ಬೂಟ್‌ಲೋಡರುಗಳನ್ನು ತಡೆಯಲು ಕಳಿಸಿದ ಪಟ್ಟಿ ಅದು. ಹಳೆಯ ಶಿಮ್ ಇಟ್ಟುಕೊಂಡವರ ಡ್ರೈವುಗಳು, ಲೈವ್ ಪೆನ್‌ಡ್ರೈವುಗಳೂ ಸೇರಿ, ನಿಂತುಹೋದವು. ಪಾಠ ಬೇರೆ: ಹೊರಗಿನ ಡ್ರೈವನ್ನು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದೆ ಡ್ರಾಯರಿನಲ್ಲಿ ಇಡಬಾರದು. ಸೆಕ್ಯೂರ್ ಬೂಟಿನ 2011ರ ಮೂಲ ಪ್ರಮಾಣಪತ್ರಗಳ ಅವಧಿ 2026ರ ಜೂನಿನಿಂದ ಮುಗಿಯತೊಡಗುತ್ತದೆ; ಅವುಗಳ ಜಾಗಕ್ಕೆ ಬರುವುದು 2023ರ ಪ್ರಮಾಣಪತ್ರಗಳು. ಫರ್ಮ್‌ವೇರ್ ಮತ್ತು ಶಿಮ್ ಎರಡನ್ನೂ ಹೊಸದಾಗಿ ಇಟ್ಟುಕೊಳ್ಳುವುದು ಈಗ ಹಿಂದೆಂದಿಗಿಂತ ಮುಖ್ಯ.

ಹೇಮಾವತಿ ದಡ

ನಾನು ಫೆಡೋರಾವನ್ನು ಇದೇ ರೀತಿ ಹಾಕಿಕೊಂಡಿದ್ದೇನೆ. ಗ್ರಬ್ ಬರುತ್ತದೆ, ಕರ್ನಲ್ ಶುರುವಾಗುತ್ತದೆ, ಬೇರೆ ಲ್ಯಾಪ್‌ಟಾಪಿನಲ್ಲಿ ಮಾತ್ರ ರೂಟ್ (ಇಡೀ ವ್ಯವಸ್ಥೆ ಇರುವ) ಪಾರ್ಟಿಷನ್ ಸಿಗಲಿಲ್ಲ ಎಂದು ನಿಲ್ಲುತ್ತದೆ. ಇಎಫ್‌ಐ ಕಡತಗಳೆಲ್ಲ ಸರಿಯಾಗಿವೆ.

ಮುಕ್ತತಂತ್ರ

ನಿಮ್ಮ ತೊಂದರೆ ಇಎಫ್‌ಐನದಲ್ಲ, ಇನಿಟ್‌ರ್ಯಾಮ್‌ಎಫ್‌ಎಸ್‌ನದು. ಕರ್ನಲ್ ಎದ್ದ ಮೇಲೆ ರೂಟ್ ಡಿಸ್ಕನ್ನು ಹುಡುಕಲು ಬೇಕಾದ ಚಾಲಕಗಳ (ಡ್ರೈವರುಗಳ) ಒಂದು ಸಣ್ಣ ಗಂಟು ಅದು. ಫೆಡೋರಾದ ಡ್ರೇಕಟ್ ಆ ಗಂಟನ್ನು ಚಿಕ್ಕದಾಗಿಡಲು ತಾನಿರುವ ಯಂತ್ರಕ್ಕೆ ಬೇಕಾದ ಚಾಲಕಗಳನ್ನು ಮಾತ್ರ ಕಟ್ಟುತ್ತದೆ, ಇದಕ್ಕೆ ‘ಹೋಸ್ಟ್‌ಓನ್ಲಿ’ ಎನ್ನುತ್ತಾರೆ. ಇನ್ನೊಂದು ಯಂತ್ರದ ಕಂಟ್ರೋಲರ್ ಬೇರೆಯಿದ್ದರೆ ಅದರ ಚಾಲಕ ಗಂಟಿನಲ್ಲಿ ಇರುವುದಿಲ್ಲ. ಡ್ರೇಕಟ್‌ನ ಸಂರಚನೆಯಲ್ಲಿ ಹೋಸ್ಟ್‌ಓನ್ಲಿಯನ್ನು ‘ನೋ’ ಎಂದು ಬರೆದು ಎಲ್ಲ ಕರ್ನಲ್ಲುಗಳಿಗೂ ಮತ್ತೆ ಕಟ್ಟಿಸಿ. ಅಷ್ಟರವರೆಗೆ ಗ್ರಬ್ ಪಟ್ಟಿಯಲ್ಲಿರುವ ‘ರೆಸ್ಕ್ಯೂ’ ಸಾಲನ್ನು ಆರಿಸಿದರೆ ಸಾಮಾನ್ಯವಾಗಿ ಏಳುತ್ತದೆ, ಏಕೆಂದರೆ ಅದರ ಗಂಟಿನಲ್ಲಿ ಎಲ್ಲ ಚಾಲಕಗಳೂ ಇರುತ್ತವೆ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಮೊದಲಿನಿಂದಲೇ ಹೆಚ್ಚಿನ ಚಾಲಕಗಳನ್ನು ಸೇರಿಸಿರುತ್ತಾರೆ, ಆದ್ದರಿಂದ ಮೇಡಂಗೆ ಈ ತೊಂದರೆ ಬರಲಾರದು.

ಹೇಮಾವತಿ ದಡ

ರೆಸ್ಕ್ಯೂ ಸಾಲಿನಿಂದ ಎದ್ದಿತು! ಡ್ರೇಕಟ್ ಈಗ ನಡೆಸುತ್ತಿದ್ದೇನೆ.

ಹುಬ್ಬಳ್ಳಿ ರಿಪೇರಿ

ಹೊಸದಾಗಿ ಹಾಕುವವರಿಗೆ ನನ್ನ ಸಲಹೆ: ಇನ್‌ಸ್ಟಾಲ್ ಮಾಡುವಾಗ ಒಳಗಿನ ಡಿಸ್ಕ್ ಇನ್‌ಸ್ಟಾಲರಿನ ಕಣ್ಣಿಗೇ ಬೀಳಬಾರದು. ಹಿಂದೆಲ್ಲ ಎರಡು ಸ್ಕ್ರೂ ಬಿಚ್ಚಿದರೆ ಹಾರ್ಡ್ ಡಿಸ್ಕ್ ಕೈಗೆ ಬರುತ್ತಿತ್ತು. ಈಗಿನ ತೆಳು ಲ್ಯಾಪ್‌ಟಾಪುಗಳ ಕೆಳಮುಚ್ಚಳದ ಕ್ಲಿಪ್ಪುಗಳು ಪಟ್ಟನೆ ಮುರಿಯುತ್ತವೆ, ಅಭ್ಯಾಸವಿಲ್ಲದವರು ಬಿಚ್ಚಬೇಡಿ. ಕೆಲವು ಯಂತ್ರಗಳ ಬಯೋಸಿನಲ್ಲಿ ಒಳಗಿನ ಡಿಸ್ಕನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಆಯ್ಕೆ ಇರುತ್ತದೆ, ಅದನ್ನು ನೋಡಿ.

ನೇತ್ರಾವತಿ

ಅದಕ್ಕಿಂತ ಸುರಕ್ಷಿತವಾದ ದಾರಿ ವರ್ಚುವಲ್ ಯಂತ್ರ. ವಿಂಡೋಸಿನಲ್ಲೇ ವರ್ಚುವಲ್‌ಬಾಕ್ಸ್ ಹಾಕಿ, ಇಎಫ್‌ಐ ಆಯ್ಕೆಯನ್ನು ಆನ್ ಮಾಡಿ, ಎಸ್‌ಎಸ್‌ಡಿಯನ್ನು ಅದರೊಳಗೆ ಯುಎಸ್‌ಬಿ ಸಾಧನವಾಗಿ ಕೊಟ್ಟು, ಐಎಸ್‌ಒದಿಂದ ಬೂಟ್ ಮಾಡಿ. ಇನ್‌ಸ್ಟಾಲರಿಗೆ ಕಾಣುವ ಡಿಸ್ಕ್ ಅದೊಂದೇ ಆದ್ದರಿಂದ ಗ್ರಬ್ ಬೇರೆಲ್ಲಿಗೂ ಹೋಗಲಾರದು. ನಿಜವಾದ ಯಂತ್ರದ ಬೂಟ್ ಪಟ್ಟಿಯನ್ನೂ ಅದು ಮುಟ್ಟಲಾರದು. ಸ್ಕ್ರೂಡ್ರೈವರಿನ ಗೊಡವೆಯೇ ಇಲ್ಲ.

ಹುಬ್ಬಳ್ಳಿ ರಿಪೇರಿ

ಇದು ನನಗೆ ಹೊಳೆದಿರಲಿಲ್ಲ. ಗ್ರಾಹಕರಿಗೆ ಇನ್ನು ಹೀಗೆಯೇ ಮಾಡಿಕೊಡುತ್ತೇನೆ.

ವಿದ್ಯಾರ್ಥಿ

ಇದಕ್ಕೆ ತಿರುಗಾಮುರುಗಾ ಮಾಡಬಹುದೇ? ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ನುಡಿಯಲ್ಲಿ ಟೈಪ್ ಮಾಡಿದ ಅಪ್ಪನ ಹಳೆಯ ಕಡತಗಳಿಗಾಗಿ ವಿಂಡೋಸನ್ನು ಹೊರಗಿನ ಡ್ರೈವಿನಲ್ಲಿ ಇಟ್ಟುಕೊಳ್ಳುವ ಆಸೆ.

ಕೊಲ್ಲಿ ಕನ್ನಡಿಗ

ವಿಂಡೋಸಿನ ಅಧಿಕೃತ ಇನ್‌ಸ್ಟಾಲರ್ ಯುಎಸ್‌ಬಿ ಡ್ರೈವಿಗೆ ಹಾಕಲು ಒಪ್ಪುವುದಿಲ್ಲ. 2012ರಲ್ಲಿ ವಿಂಡೋಸ್ 8ರ ಎಂಟರ್‌ಪ್ರೈಸ್ ಆವೃತ್ತಿಯೊಂದಿಗೆ ‘ವಿಂಡೋಸ್ ಟು ಗೋ’ ಎಂಬ ಸೌಲಭ್ಯ ಬಂದಿತ್ತು. ವಿಂಡೋಸ್ 10ರ 1903 ಆವೃತ್ತಿಯ ಹೊತ್ತಿಗೆ ಅದರ ಬೆಳವಣಿಗೆ ನಿಲ್ಲಿಸಿ, 2020ರ 2004 ಆವೃತ್ತಿಯಲ್ಲಿ ತೆಗೆದೇಹಾಕಿದರು. ರೂಫಸ್ ಈಗಲೂ ಅದೇ ಹೆಸರಿನಲ್ಲಿ ಅಂಥ ಡ್ರೈವನ್ನು ಸಿದ್ಧಪಡಿಸುತ್ತದೆ, ಒಳ್ಳೆಯ ಎಸ್‌ಎಸ್‌ಡಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ಅಗತ್ಯ ಆ ಕಡತಗಳನ್ನು ಓದುವುದಷ್ಟೇ ಆದರೆ ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ, ಮುಂದೆ ಯಾವ ಆಪರೇಟಿಂಗ್ ಸಿಸ್ಟಮಿನ ಹಂಗೂ ಇರುವುದಿಲ್ಲ.

ಹಳೆಯ ಯಂತ್ರ

ನನ್ನಲ್ಲಿರುವುದು ಯುಇಎಫ್‌ಐ ಇಲ್ಲದ, ಬರಿಯ ಬಯೋಸಿನ ಲ್ಯಾಪ್‌ಟಾಪ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಲಿನಕ್ಸಿನತ್ತ ನೋಡುತ್ತಿದ್ದೇನೆ. ಒಂದೇ ಡ್ರೈವ್ ಇದರಲ್ಲೂ, ಅಣ್ಣನ ಹೊಸ ಲ್ಯಾಪ್‌ಟಾಪಿನಲ್ಲೂ ಏಳುವಂತೆ ಮಾಡಲು ಸಾಧ್ಯವೇ?

ಮುಕ್ತತಂತ್ರ

ಸಾಧ್ಯ. ಡ್ರೈವಿಗೆ ಜಿಪಿಟಿ ಪಾರ್ಟಿಷನ್ ಪಟ್ಟಿ ಮಾಡಿ, ಮೊದಲು 1 ಎಂಬಿಯ ‘ಬಯೋಸ್ ಬೂಟ್’ ಪಾರ್ಟಿಷನ್, ನಂತರ 500 ಎಂಬಿಯ ಇಎಫ್‌ಐ ಪಾರ್ಟಿಷನ್, ಉಳಿದದ್ದು ರೂಟ್. ಗ್ರಬ್ಬನ್ನು ಎರಡು ಬಾರಿ ಹಾಕಬೇಕು: ಒಮ್ಮೆ ‘ಐ386-ಪಿಸಿ’ ಎಂಬ ಗುರಿಗೆ, ಇನ್ನೊಮ್ಮೆ 64 ಬಿಟ್ಟಿನ ಇಎಫ್‌ಐ ಗುರಿಗೆ. ನಿಮ್ಮ ಯಂತ್ರದ ಪ್ರೊಸೆಸರ್ 64 ಬಿಟ್ಟಿನದೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಈಗಿನ ಉಬುಂಟು 32 ಬಿಟ್ಟಿನ ಯಂತ್ರಗಳಿಗೆ ಬರುವುದಿಲ್ಲ.

ತುಂಗಾತೀರ

ಹೇಳಿದಂತೆಯೇ ಮಾಡಿದೆ. ಎಸ್‌ಎಸ್‌ಡಿ ಈಗ ಮನೆಯ ಲ್ಯಾಪ್‌ಟಾಪಿನಲ್ಲೂ ಕಾಲೇಜಿನದರಲ್ಲೂ ತನ್ನ ಹೆಸರಿನಿಂದಲೇ ಏಳುತ್ತಿದೆ, ಅದನ್ನು ತೆಗೆದರೆ ವಿಂಡೋಸ್ ನೇರವಾಗಿ ಬರುತ್ತಿದೆ. ಬಿಟ್‌ಲಾಕರ್ ಒಮ್ಮೆ ಕೀ ಕೇಳಿತು, ಡೈರಿಯಲ್ಲಿ ಇದ್ದುದರಿಂದ ತೊಂದರೆಯಾಗಲಿಲ್ಲ. ಹುಬ್ಬಳ್ಳಿಯವರ ಎಚ್ಚರಿಕೆ ಇಲ್ಲದಿದ್ದರೆ ಆ ಪರದೆಯ ಮುಂದೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಇನ್ನೊಂದು ಸಂದೇಹ. ಎನ್‌ಕ್ರಿಪ್ಟ್ ಆಗದ ಬೇರೆ ಲ್ಯಾಪ್‌ಟಾಪುಗಳಲ್ಲಿ ಉಬುಂಟುವಿನಿಂದ ಅದರ ವಿಂಡೋಸ್ ಡಿಸ್ಕ್ ಕಾಣುತ್ತದೆ. ಅಲ್ಲಿಗೆ ಕಡತ ಬರೆಯಬಹುದೇ?

ಕಾವೇರಿ ಕಣಿವೆ

ಬರೆಯದಿರುವುದೇ ಲೇಸು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯ ಡಿಸ್ಕನ್ನು ಲಿನಕ್ಸ್ ಓದಲಿಕ್ಕಷ್ಟೇ ತೆರೆಯುತ್ತದೆ. ಬಲವಂತವಾಗಿ ಬರೆಯುವ ದಾರಿಗಳನ್ನು ಅಂತರ್ಜಾಲದಲ್ಲಿ ಹೇಳಿಕೊಡುವವರಿದ್ದಾರೆ, ಅವುಗಳಿಂದ ಕಡತ ವ್ಯವಸ್ಥೆಯೇ ಕೆಡಬಹುದು. ಹಂಚಿಕೊಳ್ಳಬೇಕಾದ ಕಡತಗಳಿಗಾಗಿ ನಿಮ್ಮ ಎಸ್‌ಎಸ್‌ಡಿಯಲ್ಲೇ ಒಂದು ಎಕ್ಸ್‌ಫ್ಯಾಟ್ ಪಾರ್ಟಿಷನ್ ಮಾಡಿಕೊಳ್ಳಿ, ವಿಂಡೋಸಿನಲ್ಲೂ ಅದು ಕಾಣುತ್ತದೆ.

ಸಹ್ಯಾದ್ರಿ

ಎಸ್‌ಎಸ್‌ಡಿಯ ಕಳವು, ಮರೆವು ಎರಡನ್ನೂ ನೆನಪಿಡಿ. ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳನ್ನು ಅದರಲ್ಲಿ ಇಡುವುದಾದರೆ ಇನ್‌ಸ್ಟಾಲ್ ಮಾಡುವಾಗಲೇ ಎನ್‌ಕ್ರಿಪ್ಷನ್ ಆಯ್ಕೆ ಹಾಕಿಕೊಳ್ಳಬೇಕು, ಆಮೇಲೆ ಸೇರಿಸುವುದು ಸುಲಭವಲ್ಲ.

ಹೇಮಾವತಿ ದಡ

ಮ್ಯಾಕ್‌ಬುಕ್ಕಿನಲ್ಲಿ ಈ ಡ್ರೈವ್ ನಡೆಯುತ್ತದೆಯೇ? ಅಕ್ಕನ ಬಳಿ ಎಂ1 ಇದೆ.

ನೇತ್ರಾವತಿ

ನಡೆಯುವುದಿಲ್ಲ. ಎಂ1ರ ಪ್ರೊಸೆಸರ್ ಆರ್ಮ್ ಮಾದರಿಯದು, ಈ ಉಬುಂಟು ಇಂಟೆಲ್-ಎಎಂಡಿ ಮಾದರಿಗೆ ಕಟ್ಟಿದ್ದು. ಜೊತೆಗೆ ಆ ಯಂತ್ರ ಬೂಟ್ ಆಗುವ ಕ್ರಮವೇ ಬೇರೆ, ನಾವು ಮೇಲೆ ಚರ್ಚಿಸಿದ ಇಎಫ್‌ಐ ಅದರಲ್ಲಿ ಇಲ್ಲ. ಹೊರಗಿನ ಡ್ರೈವಿಗೆ ಮ್ಯಾಕ್‌ಒಎಸ್ ಹಾಕಿ, ಆನ್ ಮಾಡುವಾಗ ಪವರ್ ಬಟನ್ ಒತ್ತಿಹಿಡಿದು ಅದನ್ನು ಆರಿಸಬಹುದು. ಲಿನಕ್ಸ್ ಬೇಕಿದ್ದರೆ, ಆಪಲ್ ಚಿಪ್ಪಿನ ಮ್ಯಾಕ್‌ಗಳಿಗೆ ಲಿನಕ್ಸ್ ತರುವ ಅಸಾಹಿ ಯೋಜನೆಯ ಬೂಟ್‌ಲೋಡರನ್ನು ಮೊದಲು ಒಳಗಿನ ಡಿಸ್ಕಿಗೆ ಹಾಕಲೇಬೇಕು. ಇಂಟೆಲ್ ಮ್ಯಾಕ್ ಆಗಿದ್ದರೆ ಆಪ್ಷನ್ ಕೀಲಿ ಒತ್ತಿಹಿಡಿದು ಡ್ರೈವನ್ನು ಆರಿಸಬಹುದು. ಆಪಲ್‌ನ ಟಿ2 ಭದ್ರತಾ ಚಿಪ್ಪಿರುವವುಗಳಲ್ಲಿ ಮಾತ್ರ ರಿಕವರಿಗೆ ಹೋಗಿ, ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿಯಲ್ಲಿ ಹೊರಗಿನ ಡ್ರೈವಿಗೆ ಅನುಮತಿ ಕೊಟ್ಟು, ಅಲ್ಲಿನ ಸೆಕ್ಯೂರ್ ಬೂಟನ್ನೂ ಆಫ್ ಮಾಡಬೇಕು.